ಮೂರು ಪದರವಾದ ಫೌಂಡೇಶನ್: ಸಿಲಿಕೋನ್ ಮತ್ತು ಗ್ಲಿಸರಿನ್ ಒಂದೇ ಬಾಟಲಿಯಲ್ಲಿ ಇದ್ದಾಗ

ಮಂಗಳೂರಿನಲ್ಲಿರುವ ಗೆಳತಿಯ ತಂಗಿಗೆ ಮೇಕಪ್ ಹುಚ್ಚು. ಅಂಗಡಿಯಲ್ಲಿ ಸಿಗುವ ಫೌಂಡೇಶನ್ ಅವಳ ಮುಖದ ಮೇಲೆ ಒಂದೋ ಗುಲಾಬಿಯಾಗಿ ಕಾಣುತ್ತದೆ, ಇಲ್ಲವೇ ಬೂದಿ ಬಳಿದ ಹಾಗೆ. ಅದಕ್ಕೇ ತಾನೇ ಮಾಡಿಕೊಳ್ಳಲು ಹೊರಟಳು. ಅವಳಿಗೆ ಬೇಕಿದ್ದದ್ದು ಎರಡು ಗುಣ. ಕರಾವಳಿಯ ಸೆಕೆಗೆ, ಬೆವರಿಗೆ ಕರಗಬಾರದು. ಹಾಗಂತ ಚರ್ಮ ಬಿಗಿದ ಹಾಗೂ ಅನಿಸಬಾರದು. ಮೊದಲನೆಯದಕ್ಕೆ ಸಿಲಿಕೋನ್, ಎರಡನೆಯದಕ್ಕೆ ಗ್ಲಿಸರಿನ್ ಮತ್ತು ಅಲೋವೆರಾ ಎಂದು ಲೆಕ್ಕ ಹಾಕಿದಳು. ಲೆಕ್ಕವೇನೋ ಸರಿಯಾಗಿಯೇ ಇತ್ತು. ಕೆಟ್ಟದ್ದು ಅವೆರಡನ್ನೂ ಸೇರಿಸಿದ ರೀತಿ.

100 ಗ್ರಾಂಗೆ ಅವಳ ಅಳತೆ ಹೀಗಿತ್ತು. ಸೈಕ್ಲೋಪೆಂಟಾಸಿಲೋಕ್ಸೇನ್, ಅಂದರೆ ಎಲ್ಲರೂ ಡಿ5 ಎನ್ನುವ ಹಗುರ ಸಿಲಿಕೋನ್, 20 ಗ್ರಾಂ. ಡೈಮೆಥಿಕೋನ್ 350 ಎಂಬ ದಪ್ಪ ಸಿಲಿಕೋನ್ 10 (ಹೆಸರಿನ ಸಂಖ್ಯೆ ಹೆಚ್ಚಿದಷ್ಟೂ ಸಿಲಿಕೋನ್ ದಪ್ಪ). ಬಾಟಲಿಯ ಅಲೋವೆರಾ ಜೆಲ್ 25, ರೋಸ್ ವಾಟರ್ 22, ಗ್ಲಿಸರಿನ್ 8. ನೀರು ಮತ್ತು ಎಣ್ಣೆಯಂಥವನ್ನು ಬೆರೆಸಿ ಹಿಡಿಯುವ ಎಮಲ್ಸಿಫೈಯರ್ ಆಗಿ ಪಾಲಿಸಾರ್ಬೇಟ್ 20 ನಾಲ್ಕು ಗ್ರಾಂ. ಬಣ್ಣಕ್ಕೆ ಟೈಟಾನಿಯಂ ಡೈಆಕ್ಸೈಡ್ 8, ಹಳದಿ, ಕೆಂಪು, ಕಪ್ಪು ಐರನ್ ಆಕ್ಸೈಡ್ ಸೇರಿ 2. ಪ್ರಿಸರ್ವೇಟಿವ್ ಆಗಿ ಫಿನಾಕ್ಸಿಎಥನಾಲ್ 1. ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ಹ್ಯಾಂಡ್ ಬ್ಲೆಂಡರ್ ಆಡಿಸಿದಳು. ರಾತ್ರಿ ಚಂದದ ಕ್ರೀಮ್. ಬೆಳಿಗ್ಗೆ ನೋಡಿದರೆ ಮೂರು ಪದರ: ಮೇಲೆ ಎಣ್ಣೆಯಂತೆ ಹೊಳೆಯುವ ತಿಳಿ, ಅದರ ತಳದಲ್ಲಿ ಒಂದು ಕಂದು ಗೆರೆ. ನಡುವೆ ಬಿಳಿಚಿದ ನೀರುನೀರು ಕ್ರೀಮ್. ತಳದಲ್ಲಿ ಬಿಳಿ ಗಸಿ.

ಕುಲುಕಿ ಕೈಗೆ ಹಚ್ಚಿದರೆ ಇನ್ನೂ ಚಂದ. ಒಂದು ಕಡೆ ಬಿಳಿ, ಒಂದು ಕಡೆ ಇಟ್ಟಿಗೆ ಬಣ್ಣದ ಗೆರೆ. ಉಜ್ಜಿದರೆ ಸಣ್ಣ ಸಣ್ಣ ಉಂಡೆಯಾಗಿ ಉದುರುತ್ತದೆ.

"ಅಕ್ಕಾ, ಇದು ಗ್ಲಿಸರಿನ್‌ನಿಂದಲೇ ಆದದ್ದು ಅಲ್ವಾ? ಸಿಲಿಕೋನ್‌ಗೂ ಅದಕ್ಕೂ ಆಗುವುದಿಲ್ಲವಂತೆ. ತೆಗೆದುಬಿಡ್ಲಾ?" ಎಂದು ಫೋಟೋ ಕಳಿಸಿದಳು. ನಾನು ಕೆಲವು ವರ್ಷ ಕಾಸ್ಮೆಟಿಕ್ಸ್ ಲ್ಯಾಬ್‌ನಲ್ಲಿ ಕೆಲಸ ಮಾಡಿದವಳು ಎಂದು ಅವಳಿಗೆ ಗೊತ್ತು. ಗ್ಲಿಸರಿನ್ ತೆಗೆಯಬೇಡ, ಆ ಬಾಟಲಿ ಎಸೆಯಲೂ ಬೇಡ ಎಂದೆ. ಕೆಟ್ಟ ಬಾಟಲಿಯಿಂದ ತಿಳಿಯುವುದು ಜಾಸ್ತಿ.

ಗ್ಲಿಸರಿನ್ ಮೇಲೆ ಬಂದ ಆರೋಪ

ಗ್ಲಿಸರಿನ್ ಸಿಲಿಕೋನ್‌ನಲ್ಲಿ ಕರಗುವುದಿಲ್ಲ, ಅದು ನಿಜ. ಒಂದು ಗಾಜಿನ ಲೋಟದಲ್ಲಿ ಡಿ5 ಹಾಕಿ, ಅದಕ್ಕೆ ನಾಲ್ಕು ಹನಿ ಗ್ಲಿಸರಿನ್ ಬಿಡು ಎಂದೆ. ಬಿಟ್ಟಳು. ಸೀದಾ ತಳಕ್ಕೆ ಹೋಗಿ ಕೂತಿತು. ಕೂರಲೇಬೇಕು. ಗ್ಲಿಸರಿನ್‌ನ ಸಾಂದ್ರತೆ 1.26, ಡಿ5 ಸುಮಾರು 0.95. ಎಷ್ಟು ಕಲಕಿದರೂ ಮತ್ತೆ ತಳಕ್ಕೇ ಬರುತ್ತದೆ. ಆದರೆ ಅವಳ ಫೌಂಡೇಶನ್‌ನಲ್ಲಿ ಗ್ಲಿಸರಿನ್‌ಗೆ ಸಿಲಿಕೋನ್ ಜೊತೆ ಕೆಲಸವೇ ಇರಲಿಲ್ಲ. ಅಲ್ಲಿ ರೋಸ್ ವಾಟರ್ ಇತ್ತು, ಅಲೋವೆರಾ ಇತ್ತು. ಗ್ಲಿಸರಿನ್ ನೀರಿನಲ್ಲಿ ಆರಾಮಾಗಿ ಕರಗಿ ಕೂತಿತ್ತು. ಜಗಳ ಇದ್ದದ್ದು ನೀರಿನ ಭಾಗಕ್ಕೂ ಸಿಲಿಕೋನ್ ಭಾಗಕ್ಕೂ. ಗ್ಲಿಸರಿನ್ ತೆಗೆದಿದ್ದರೂ ಮೂರು ಪದರ ಆಗಿಯೇ ಆಗುತ್ತಿತ್ತು.

ನೀರನ್ನು ಪ್ರೀತಿಸುವ ಪದಾರ್ಥ ಯಾವುದೇ ಇರಲಿ, ಗ್ಲಿಸರಿನ್, ಪ್ಯಾಂಥೆನಾಲ್, ನಯಾಸಿನಮೈಡ್, ಹೈಯಲುರಾನಿಕ್ ಆಸಿಡ್, ಅದನ್ನು ನೇರ ಸಿಲಿಕೋನ್‌ಗೆ ಹಾಕಬಾರದು. ಮೊದಲು ನೀರಿಗೆ. ಆಮೇಲೆ ಆ ನೀರನ್ನು ಸಿಲಿಕೋನ್ ಜೊತೆ ಒಪ್ಪಂದಕ್ಕೆ ತರಬೇಕು. ಒಪ್ಪಂದ ಮಾಡಿಸುವುದು ಎಮಲ್ಸಿಫೈಯರ್. ಇಲ್ಲಿ ಸೋತದ್ದು ಅದೇ.

ಹೊರಗೆ ಯಾರು, ಒಳಗೆ ಯಾರು?

ಹಾಲಿನಲ್ಲಿ ಕೊಬ್ಬಿನ ಹನಿಗಳು ನೀರಿನೊಳಗೆ ತೇಲುತ್ತಿರುತ್ತವೆ. ಅದಕ್ಕೇ ಹಾಲಿಗೆ ನೀರು ಬೆರೆಸಿದರೆ ಸುಲಭವಾಗಿ ಬೆರೆಯುತ್ತದೆ. ಕೆನೆ ಕಡೆದು ಬೆಣ್ಣೆ ಬಂದಾಗ ಎಲ್ಲ ತಿರುಗುಮುರುಗು. ಈಗ ಕೊಬ್ಬು ಹೊರಗೆ, ನೀರಿನ ಸಣ್ಣ ಹನಿಗಳು ಒಳಗೆ. ಬೆಣ್ಣೆಯನ್ನು ನೀರಲ್ಲಿ ಹಾಕಿದರೆ ಉಂಡೆಯಾಗಿಯೇ ಇರುತ್ತದೆ. ಫೌಂಡೇಶನ್‌ನಲ್ಲೂ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಹೊರಗೆ ನೀರಿದೆಯಾ, ಸಿಲಿಕೋನ್ ಇದೆಯಾ?

ತಿಳಿಯಲು ಲ್ಯಾಬ್ ಬೇಕಾಗಿಲ್ಲ. ಹೊಸದಾಗಿ ಬ್ಲೆಂಡ್ ಮಾಡಿದ ಕ್ರೀಮ್‌ನ ಒಂದು ಹನಿಯನ್ನು ಲೋಟದ ನೀರಿಗೆ ಬಿಡಬೇಕು. ಹರಡಿ ನೀರು ಮಸುಕಾದರೆ ಹೊರಗಿರುವುದು ನೀರು. ಹನಿ ಹನಿಯಾಗಿಯೇ ಉಳಿದರೆ ಹೊರಗಿರುವುದು ಸಿಲಿಕೋನ್ ಅಥವಾ ಎಣ್ಣೆ. ಅವಳು ಬಾಟಲಿಯನ್ನು ಮತ್ತೆ ಬ್ಲೆಂಡ್ ಮಾಡಿ ನೋಡಿದಳು. ನೀರಿಗೆ ಬಿದ್ದ ಕೂಡಲೇ ಹರಡಿತು. ಅಂದರೆ 30 ಗ್ರಾಂ ಸಿಲಿಕೋನ್ ಹಾಕಿಯೂ ಅವಳು ಮಾಡಿದ್ದು ಬೆವರಿಗೆ ಕರಗುವ ಫೌಂಡೇಶನ್! ಪದರ ಒಡೆಯದೇ ಇದ್ದಿದ್ದರೂ ಮದುವೆ ಮನೆಯಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಅದು ಕುತ್ತಿಗೆಗೆ ಇಳಿಯುತ್ತಿತ್ತು.

ಹೊರಗೆ ಯಾರು ಇರಬೇಕು ಎಂದು ತೀರ್ಮಾನಿಸುವುದು ಮುಖ್ಯವಾಗಿ ಎಮಲ್ಸಿಫೈಯರ್. ಯಾವುದನ್ನು ಎಷ್ಟು ಹಾಕಿದಿರಿ ಎಂಬುದು ಆಮೇಲಿನ ಮಾತು. ಎಮಲ್ಸಿಫೈಯರ್ ಯಾವುದರಲ್ಲಿ ಚೆನ್ನಾಗಿ ಕರಗುತ್ತದೋ ಅದು ಹೊರಗಿರುತ್ತದೆ. ಬ್ಯಾಂಕ್ರಾಫ್ಟ್ ಎಂಬ ಅಮೆರಿಕದ ರಸಾಯನ ವಿಜ್ಞಾನಿ 1913ರ ಸುಮಾರಿಗೆ ಹೇಳಿದ ನಿಯಮ ಇದು. ಮನೆಯಲ್ಲಿ ಫಾರ್ಮುಲಾ ಮಾಡುವವರಿಗೆ ಇದಕ್ಕಿಂತ ಉಪಯೋಗದ ಒಂದು ಸಾಲು ನನಗೆ ಗೊತ್ತಿಲ್ಲ. ಪಾಲಿಸಾರ್ಬೇಟ್ 20 ನೀರಿನಲ್ಲಿ ಕರಗುವಂಥದ್ದು. ಹಾಗಾಗಿ ನೀರು ಹೊರಗೆ ಬಂತು.

ಇಷ್ಟೇ ಆಗಿದ್ದರೆ ಕ್ರೀಮ್ ಒಡೆಯಬೇಕಾಗಿರಲಿಲ್ಲ. ನೀರು ಹೊರಗಿರುವ ಕ್ರೀಮ್‌ಗಳು ಬೇಕಾದಷ್ಟಿವೆ, ಚೆನ್ನಾಗಿಯೇ ಇವೆ. ಎರಡನೇ ತೊಂದರೆ ಪಾಲಿಸಾರ್ಬೇಟ್‌ನ ಬಾಲದಲ್ಲಿ. ಅದರ ಒಂದು ತುದಿ ನೀರಿನ ಕಡೆ, ಇನ್ನೊಂದು ತುದಿ ಕೊಬ್ಬಿನಾಮ್ಲದ್ದು. ಕೊಬ್ಬರಿ ಎಣ್ಣೆಯಲ್ಲೂ ಇರುವ ಲಾರಿಕ್ ಆಮ್ಲ ಅದು. ಆ ಬಾಲ ಎಣ್ಣೆಯ ಹನಿಯೊಳಗೆ ಚೆನ್ನಾಗಿ ನೆಡುತ್ತದೆ. ಸಿಲಿಕೋನ್ ಹನಿಯಲ್ಲಿ ನೆಡುವುದಿಲ್ಲ. ಸಿಲಿಕೋನ್ ನೋಡಲು ಎಣ್ಣೆಯ ಹಾಗಿದ್ದರೂ ಅದರ ಜಾತಿ ಬೇರೆ. ಡೈಮೆಥಿಕೋನ್ 350 ಅನ್ನು ಕೊಬ್ಬರಿ ಎಣ್ಣೆಗೆ ಹಾಕಿ ನೋಡಿ, ಅವೆರಡೂ ಬೇರೆ ಬೇರೆಯೇ ನಿಲ್ಲುತ್ತವೆ. ಹಿಡಿತ ಸಿಗದ ಎಮಲ್ಸಿಫೈಯರ್ ಹನಿಗಳನ್ನು ಕಾಯಲಾರದು. ಹನಿಗಳು ಒಂದಕ್ಕೊಂದು ಸೇರಿ ದೊಡ್ಡದಾಗಿ ರಾತ್ರಿ ಕಳೆಯುವಷ್ಟರಲ್ಲಿ ಮೇಲೆ ಬಂದಿದ್ದವು.

ಎಚ್‌ಎಲ್‌ಬಿ ಸಂಖ್ಯೆ ನೋಡಿಕೊಂಡೇ ಎಮಲ್ಸಿಫೈಯರ್ ಆರಿಸಿದ್ದೆ ಎಂದು ಅವಳ ವಾದ. ಎಮಲ್ಸಿಫೈಯರ್ ನೀರಿನ ಕಡೆ ಎಷ್ಟು, ಎಣ್ಣೆಯ ಕಡೆ ಎಷ್ಟು ವಾಲುತ್ತದೆ ಎಂದು ಹೇಳುವ ಸಂಖ್ಯೆ ಅದು. ಆ ಪಟ್ಟಿಯನ್ನು 1949ರಲ್ಲಿ ಗ್ರಿಫಿನ್ ಎಂಬವರು ಮಾಡಿದ್ದು. ಎಣ್ಣೆ, ಮೇಣಗಳಿಗೆ ಅದು ಒಳ್ಳೆಯ ದಾರಿದೀಪ. ಸಿಲಿಕೋನ್ ವಿಷಯದಲ್ಲಿ ಸಂಖ್ಯೆ ಒಂದೇ ಸಾಲದು. ಬಾಲವೂ ಸಿಲಿಕೋನ್‌ನದ್ದೇ ಆಗಿರಬೇಕು.

ಬಣ್ಣದ ಪುಡಿಗಳೂ ಪಕ್ಷ ಹಿಡಿದಿದ್ದವು

ಈ ಪ್ರಕರಣದಲ್ಲಿ ನನಗೆ ಅತಿ ಇಷ್ಟವಾದದ್ದು ಆ ಕಂದು ಗೆರೆ. ಬಿಳಿ ಪುಡಿ ತಳದಲ್ಲಿ, ಕಂದು ಬಣ್ಣ ಮೇಲಿನ ಸಿಲಿಕೋನ್ ಅಂಚಿನಲ್ಲಿ. ಯಾಕೆ? ಎರಡೂ ನೀರಿಗಿಂತ ಎಷ್ಟೋ ಭಾರ. ಟೈಟಾನಿಯಂ ಡೈಆಕ್ಸೈಡ್‌ನ ಸಾಂದ್ರತೆ ಸುಮಾರು 4, ಕೆಂಪು ಐರನ್ ಆಕ್ಸೈಡ್‌ನದ್ದು ಸುಮಾರು 5. ಎರಡೂ ತಳಕ್ಕೇ ಹೋಗಬೇಕಿತ್ತು ತಾನೆ?

ಎರಡು ಲೋಟ ನೀರು ತೆಗೆದುಕೊಂಡು ಒಂದೊಂದರ ಮೇಲೆ ಒಂದೊಂದು ಪುಡಿಯನ್ನು ಚಿಟಿಕೆ ಉದುರಿಸಲು ಹೇಳಿದೆ. ಬಿಳಿ ಪುಡಿ ಒದ್ದೆಯಾಗಿ ಮುಳುಗಿತು. ಕೆಂಪು ಪುಡಿ ಒಣಗಿದ್ದ ಹಾಗೆಯೇ ಮೇಲೆ ತೇಲಿತು, ಚಮಚದಿಂದ ಒತ್ತಿದರೂ ಮತ್ತೆ ಮೇಲೆ ಬಂತು. ಬಿಳಿಯದ್ದು ಅವಳು ಸೋಪು ಮಾಡಲು ತಂದಿದ್ದ ಸಾದಾ ಪುಡಿ. ಕೆಂಪು, ಹಳದಿ ಪುಡಿಗಳು ಮೇಕಪ್‌ಗೆಂದೇ ಕೋಟಿಂಗ್ ಮಾಡಿದವು. ಇಂಥ ಪುಡಿಗಳಿಗೆ ಡೈಮೆಥಿಕೋನ್ ಅಥವಾ ಟ್ರೈಎಥಾಕ್ಸಿಕ್ಯಾಪ್ರಿಲಿಲ್‌ಸಿಲೇನ್ ಲೇಪ ಇರುತ್ತದೆ. ಲೇಬಲ್‌ನಲ್ಲಿ ಬರೆದಿರುತ್ತದೆ, ಆದರೆ ಸಣ್ಣ ಅಕ್ಷರದಲ್ಲಿ.

ಅಂದರೆ ಬಿಳಿ ನೀರಿನ ಪಕ್ಷ, ಬಣ್ಣ ಸಿಲಿಕೋನ್ ಪಕ್ಷ. ಶೇಡ್ ಎಂಬುದು ಈ ಎರಡರ ಮಿಶ್ರಣ. ನೀರು ಮತ್ತು ಸಿಲಿಕೋನ್ ದೂರ ಸರಿದ ಹಾಗೆ ಶೇಡ್ ಕೂಡ ಎರಡು ಹೋಳಾಯಿತು. ಕೈಮೇಲೆ ಬಿಳಿ ಗೆರೆ, ಇಟ್ಟಿಗೆ ಗೆರೆ ಬಂದದ್ದು ಅದಕ್ಕೆ. ಎಮಲ್ಸಿಫೈಯರ್ ಒಂದನ್ನೇ ಬದಲಿಸಿದ್ದರೆ ಪದರ ನಿಲ್ಲುತ್ತಿತ್ತೇನೋ, ಗೆರೆ ಮಾತ್ರ ಹೋಗುತ್ತಿರಲಿಲ್ಲ.

ಉಂಡೆಯಾಗಿ ಉದುರುವುದಕ್ಕೆ ಅಲೋವೆರಾ ಜೆಲ್ ಮೇಲೆ ನನಗೆ ಅನುಮಾನ. ಬಾಟಲಿಯ ಜೆಲ್ ದಪ್ಪ ಇರುವುದು ಲೋಳೆಸರದಿಂದಲ್ಲ, ಬಹಳ ಸಲ ಕಾರ್ಬೋಮರ್ ಎಂಬ ದಪ್ಪ ಮಾಡುವ ಪದಾರ್ಥದಿಂದ. ಲೇಬಲ್‌ನಲ್ಲಿ ಅದೂ ಇತ್ತು. ಕಾರ್ಬೋಮರ್ ಒಣಗಿ ತೆಳು ಪೊರೆಯಾಗುತ್ತದೆ, ಅದರ ಮೇಲೆ ಜಾರುವ ಸಿಲಿಕೋನ್ ಬಂದಾಗ ಉಜ್ಜಿದರೆ ಪೊರೆ ಸುರುಳಿ ಸುತ್ತುತ್ತದೆ. ಅಲೋವೆರಾ ಬಿಡು ಎಂದೆ. ಸ್ವಲ್ಪ ಬೇಜಾರಾಯಿತು ಅವಳಿಗೆ. "ಮನೆಯ ಗಿಡದ್ದೇ ಹಾಕಿದರೆ?" ಎಂದಳು. ಅದಂತೂ ಬೇಡವೇ ಬೇಡ. ತಾಜಾ ಲೋಳೆ ಬ್ಯಾಕ್ಟೀರಿಯಾಕ್ಕೆ ಹಬ್ಬ.

ಹೊಸ ಅಳತೆ

ದಾರಿ ಎರಡಿದ್ದವು. ಸಿಲಿಕೋನ್ ಅನ್ನು ನಾಲ್ಕೈದು ಗ್ರಾಂಗೆ ಇಳಿಸಿ, ನೀರನ್ನೇ ಹೊರಗಿಟ್ಟು, ಹಗುರ ಲೋಶನ್ ಥರ ಮಾಡುವುದು ಒಂದು. ಚಳಿಗಾಲದ ಬೆಂಗಳೂರಿಗೋ ಒಣಹವೆಯ ಊರಿಗೋ ಆಗಿದ್ದರೆ ನಾನು ಅದನ್ನೇ ಹೇಳುತ್ತಿದ್ದೆ. ಮಂಗಳೂರಿಗೆ ಸಿಲಿಕೋನ್ ಹೊರಗಿರಲಿ, ನೀರು ಒಳಗಿರಲಿ. ಆಗ ಬೆವರು ಬಂದರೂ ಅದಕ್ಕೆ ಮೊದಲು ಎದುರಾಗುವುದು ಸಿಲಿಕೋನ್. ಗ್ಲಿಸರಿನ್, ಪ್ಯಾಂಥೆನಾಲ್ ಎಲ್ಲ ಒಳಗಿನ ನೀರಹನಿಗಳಲ್ಲಿ ಇರುತ್ತವೆ.

ಇದಕ್ಕೆ ಬೇಕಾದ ಎಮಲ್ಸಿಫೈಯರ್ ಪೆಗ್-10 ಡೈಮೆಥಿಕೋನ್. ಬಾಲ ಸಿಲಿಕೋನ್‌ನದ್ದು, ಸಿಲಿಕೋನ್‌ನಲ್ಲೇ ಬೆರೆಯುತ್ತದೆ. ಇಲ್ಲಿ ಒಂದು ಎಡವಟ್ಟಾಯಿತು. ಅವಳು ತರಿಸಿದ್ದು ಪೆಗ್-12 ಡೈಮೆಥಿಕೋನ್. ಹೆಸರಿನಲ್ಲಿ ಎರಡೇ ಅಂಕಿ ವ್ಯತ್ಯಾಸ, ನಡತೆಯಲ್ಲಿ ಅಜಗಜಾಂತರ. ಪೆಗ್-12 ನೀರಿನಲ್ಲಿ ಕರಗುತ್ತದೆ, ಶಾಂಪೂ, ಫೇಸ್‌ವಾಶ್‌ಗಳಿಗೆ ಹಾಕುವಂಥದ್ದು. ಬ್ಯಾಂಕ್ರಾಫ್ಟ್ ನಿಯಮದ ಪ್ರಕಾರ ಅದು ಮತ್ತೆ ನೀರನ್ನೇ ಹೊರಗೆ ಕೂರಿಸುತ್ತದೆ. ಎತ್ತಿಟ್ಟು ಪೆಗ್-10 ತರಿಸಿದಳು.

ಸಿಲಿಕೋನ್ ಭಾಗ: ಡಿ5 17 ಗ್ರಾಂ, ಡೈಮೆಥಿಕೋನ್ 5 ಆರು ಗ್ರಾಂ, ಡೈಮೆಥಿಕೋನ್ 350 ಮೂರು, ಸಿಲಿಕೋನ್ ಎಲಾಸ್ಟೊಮರ್ ಜೆಲ್ (ಸಿಲಿಕೋನ್‌ನದ್ದೇ ದಪ್ಪ ಜೆಲ್) 8, ಪೆಗ್-10 ಡೈಮೆಥಿಕೋನ್ 3, ಬಣ್ಣದ ಪುಡಿಗಳು ಒಟ್ಟು 10. ಈ ಸಲ ಬಿಳಿ ಪುಡಿಯೂ ಕೋಟಿಂಗ್ ಇರುವುದೇ. ನೀರಿನ ಭಾಗ: ಡಿಸ್ಟಿಲ್ಡ್ ವಾಟರ್ 45, ಗ್ಲಿಸರಿನ್ 5, ಪ್ಯಾಂಥೆನಾಲ್ 1, ಅಯೋಡಿನ್ ಇಲ್ಲದ ಉಪ್ಪು 1, ಫಿನಾಕ್ಸಿಎಥನಾಲ್ 1. ಒಟ್ಟು 100. ಬ್ಯಾಟರಿಗೆ ಹಾಕುವ ನೀರು ಬೇಡ, ಅದು ಮುಖಕ್ಕೆಂದು ಮಾಡಿದ್ದಲ್ಲ.

ಉಪ್ಪು ಯಾಕೆ ಎಂದು ಕೇಳಿದಳು, ಎಲ್ಲರೂ ಕೇಳುತ್ತಾರೆ. ನೀರಹನಿಗಳೆಲ್ಲ ಒಂದೇ ಗಾತ್ರದಲ್ಲಿ ಇರುವುದಿಲ್ಲ. ಸುಮ್ನೆ ಬಿಟ್ಟರೆ ಸಣ್ಣ ಹನಿಯ ನೀರು ಮೆಲ್ಲಗೆ ದೊಡ್ಡ ಹನಿಗೆ ಸೇರುತ್ತಾ ಹೋಗುತ್ತದೆ. ಸಣ್ಣವು ಸಣ್ಣದಾಗಿ ಮಾಯ, ದೊಡ್ಡವು ಇನ್ನೂ ದೊಡ್ಡ. ಒಳಗೆ ಉಪ್ಪು ಇದ್ದರೆ ಸಣ್ಣ ಹನಿ ಕುಗ್ಗಿದಷ್ಟೂ ಅದರ ಉಪ್ಪಿನಂಶ ಏರುತ್ತದೆ, ಅದು ನೀರನ್ನು ವಾಪಸ್ ಎಳೆದುಕೊಳ್ಳುತ್ತದೆ. ಉಪ್ಪಿನ ಬದಲು ಎಪ್ಸಮ್ ಸಾಲ್ಟ್ ಕೂಡ ಆಗುತ್ತದೆ. ಬೇರೆ ಕ್ರೀಮ್‌ಗಳನ್ನು ಕೆಡಿಸುವ ಉಪ್ಪು ಇಲ್ಲಿ ಕಾಯುತ್ತದೆ.

ಮಾಡುವ ಕ್ರಮ ಪದಾರ್ಥದಷ್ಟೇ ಮುಖ್ಯ. ಮೊದಲು ಬಣ್ಣದ ಪುಡಿಗಳನ್ನು ಡೈಮೆಥಿಕೋನ್ 5 ಮತ್ತು ಪೆಗ್-10 ಜೊತೆ ಕಲ್ಲಿನ ಕುಟ್ಟಾಣಿಯಲ್ಲಿ ಅರೆಯಬೇಕು. ಬಿಳಿ ಕಾಗದದ ಮೇಲೆ ಬೆರಳಿಂದ ಎಳೆದರೆ ಬಣ್ಣದ ಚುಕ್ಕೆ ಕಾಣಬಾರದು, ಅಲ್ಲಿಯ ತನಕ. ಆಮೇಲೆ ಉಳಿದ ಸಿಲಿಕೋನ್‌ಗಳು. ಇನ್ನೊಂದು ಪಾತ್ರೆಯಲ್ಲಿ ನೀರಿನ ಭಾಗ ಪೂರ್ತಿ ಕರಗಿ ತಿಳಿಯಾಗಿರಬೇಕು. ಅದನ್ನು ಸಿಲಿಕೋನ್ ಭಾಗಕ್ಕೆ ಸಣ್ಣ ಧಾರೆಯಾಗಿ, ತಿರುಗಿಸುತ್ತಾ ತಿರುಗಿಸುತ್ತಾ ಬಿಡಬೇಕು. ಧಾರೆ ದಪ್ಪವಾದರೆ ಹೊರಗಿನ ಸಿಲಿಕೋನ್‌ಗೆ ಹನಿಗಳನ್ನು ಸುತ್ತುವರಿಯಲು ಸಮಯ ಸಿಗುವುದಿಲ್ಲ. ಎಲ್ಲ ಸೇರಿದ ಮೇಲೆಯೇ ಬ್ಲೆಂಡರ್ ಜೋರಾಗಿ ಆಡಿಸುವುದು.

ಯಾವುದನ್ನೂ ಬಿಸಿ ಮಾಡಬಾರದು. ಮಾಡುವ ಅಗತ್ಯವೂ ಇಲ್ಲ, ಕರಗಿಸಬೇಕಾದ ಮೇಣ ಇದರಲ್ಲಿಲ್ಲ. ಡಿ5 ಸುಮಾರು 77 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಂಕಿ ಹಿಡಿಯುವಷ್ಟು ಆವಿ ಬಿಡುತ್ತದೆ. ಗ್ಯಾಸ್ ಒಲೆಯ ಹತ್ತಿರ ಅದನ್ನು ಒಯ್ಯಲೇಬೇಡಿ. ಅಡುಗೆಮನೆಯ ಸಿಲಿಕೋನ್ ಚಮಚವೂ ಬೇಡ. ರಬ್ಬರಿನಂಥ ಆ ಸಿಲಿಕೋನ್ ಡಿ5 ಅನ್ನು ಹೀರಿ ಉಬ್ಬುತ್ತದೆ. ಗಾಜು ಅಥವಾ ಸ್ಟೀಲ್ ಸಾಕು.

"ಸೇಫ್ಟಿಗೆ" ಹಾಕಿದ ಪಾಲಿಸಾರ್ಬೇಟ್

ಮೊದಲ ಬ್ಯಾಚ್ ಚೆನ್ನಾಗಿ ಬಂತು. ನೀರಿಗೆ ಬಿಟ್ಟ ಹನಿ ಮಣಿಯಂತೆ ನಿಂತಿತು. ಆದರೆ ಅವಳಿಗೆ ನಂಬಿಕೆ ಸಾಲದು. "ಅಕ್ಕಾ, ಹಳೇ ಪಾಲಿಸಾರ್ಬೇಟ್ ಉಳಿದು ಬಿಟ್ಟಿದೆ. ಎರಡೂ ಎಮಲ್ಸಿಫೈಯರ್ ಇದ್ದರೆ ಇನ್ನೂ ಗಟ್ಟಿ ಅಲ್ವಾ? ಒಂದು ಗ್ರಾಂ ಹಾಕ್ಲಾ?"

ಸ್ವಲ್ಪ ತೆಗೆದು ಬೇರೆ ಬಾಟಲಿಯಲ್ಲಿ ಹಾಕಿ ನೋಡು ಎಂದೆ. ಹಾಕಿ ಆಡಿಸಿದ ಕೆಲವೇ ನಿಮಿಷದಲ್ಲಿ ಕ್ರೀಮ್ ತೆಳ್ಳಗಾಗಿ ಮೊಸರು ಒಡೆದ ಹಾಗೆ ರವೆರವೆಯಾಯಿತು. ಒಂದು ಎಮಲ್ಸಿಫೈಯರ್ ಸಿಲಿಕೋನ್ ಅನ್ನು ಹೊರಗೆ ಹಿಡಿಯುತ್ತಿದೆ, ಇನ್ನೊಂದು ನೀರನ್ನು ಹೊರಗೆ ಎಳೆಯುತ್ತಿದೆ. ಗೆದ್ದವರು ಯಾರೂ ಇಲ್ಲ. ಮನೆಯಲ್ಲಿ ಮಾಡುವವರ ಬಹಳ ಬಾಟಲಿಗಳು ಒಡೆಯುವುದು ಹೀಗೆ, ಭದ್ರತೆಗೆ ಅಂತ ಸೇರಿಸಿದ ಒಂದು ಚಮಚದಿಂದ. ಸುವಾಸನೆಗೆ ಎಣ್ಣೆಯನ್ನು ಪಾಲಿಸಾರ್ಬೇಟ್‌ನಲ್ಲಿ ಕರಗಿಸಿ ಕೊನೆಗೆ ಹಾಕಿದರೂ ಇದೇ ಗತಿ.

ಉಳಿದ ಕ್ರೀಮ್ ಮಾತ್ರ ಸ್ವಲ್ಪ ತೆಳು ಎನಿಸಿತು. ದಪ್ಪ ಮಾಡಲು ಇನ್ನಷ್ಟು ಡೈಮೆಥಿಕೋನ್ 350 ಹಾಕಬೇಕೆಂದು ಅವಳ ಯೋಚನೆ. ಈ ಥರದ ಕ್ರೀಮ್‌ನಲ್ಲಿ ಅದು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಹೊರಗಿನ ದ್ರವ ಹೆಚ್ಚಾದಷ್ಟೂ ಹನಿಗಳಿಗೆ ಓಡಾಡಲು ಜಾಗ ಸಿಗುತ್ತದೆ. ದಪ್ಪ ಬೇಕಾದರೆ ಒಳಗಿನ ನೀರನ್ನು ಹೆಚ್ಚಿಸಬೇಕು. ಹನಿಗಳು ಒತ್ತೊತ್ತಾಗಿ ಕೂತಾಗ ಕ್ರೀಮ್ ತಾನಾಗಿ ಗಟ್ಟಿ. ಮುಂದಿನ ಬ್ಯಾಚ್‌ನಲ್ಲಿ ಡಿ5 ಅನ್ನು 17ರಿಂದ 12ಕ್ಕೆ ಇಳಿಸಿ ನೀರನ್ನು 50 ಮಾಡಿದಳು. ನೀರು ಹಾಕಿದ್ದಕ್ಕೆ ದಪ್ಪವಾಯಿತು ಎಂದರೆ ಅವಳ ಅಮ್ಮ ನಂಬಲೇ ಇಲ್ಲ.

ಮುಖದ ಮೇಲೆ

ಮೊದಲು ಮುಂಗೈಯ ಒಳಭಾಗದಲ್ಲಿ ಹಚ್ಚಿ ಒಂದು ದಿನ ನೋಡಿದಳು. ಕೆಂಪಾಗಲಿಲ್ಲ, ತುರಿಸಲಿಲ್ಲ. ಬಾಟಲಿಯನ್ನು ಒಂದು ದಿನ ಫ್ರೀಜರ್, ಒಂದು ದಿನ ಹೊರಗೆ ಎಂದು ಕೆಲವು ಸುತ್ತು ಇಟ್ಟು ತೆಗೆದಳು. ನೀರು ಬಿಡಲಿಲ್ಲ. ಆಮೇಲೆ ಮುಖಕ್ಕೆ.

ಹಚ್ಚಿದ ಸ್ವಲ್ಪ ಹೊತ್ತಿಗೆ ಡಿ5 ಮತ್ತು ನೀರು ಎರಡೂ ಆರುತ್ತವೆ. ಉಳಿಯುವುದು ಡೈಮೆಥಿಕೋನ್, ಎಲಾಸ್ಟೊಮರ್, ಬಣ್ಣ ಮತ್ತು ಸ್ವಲ್ಪ ಗ್ಲಿಸರಿನ್. ಮೊದಲು 8 ಗ್ರಾಂ ಇದ್ದ ಗ್ಲಿಸರಿನ್ ಅನ್ನು 5ಕ್ಕೆ ಇಳಿಸಿದ್ದು ಇದಕ್ಕೇ. ಮಂಗಳೂರಿನ ಗಾಳಿಯಲ್ಲೇ ಇಷ್ಟು ತೇವ ಇರುವಾಗ ಜಾಸ್ತಿ ಗ್ಲಿಸರಿನ್ ಎಂದರೆ ಅಂಟು. ಬೆವರು ಬಂದಾಗ ಟಿಶ್ಯೂ ಒತ್ತಿದರೆ ಒದ್ದೆ ಮಾತ್ರ ಬಂತು, ಬಣ್ಣ ಬರಲಿಲ್ಲ. ರಾತ್ರಿ ತೆಗೆಯಲು ಬರೀ ಫೇಸ್‌ವಾಶ್ ಸಾಲಲಿಲ್ಲ, ಕ್ಲೆನ್ಸಿಂಗ್ ಆಯಿಲ್ ಬೇಕಾಯಿತು.

ಉಂಡೆ ಉದುರುವುದು ಒಂದು ದಿನ ಮತ್ತೆ ಕಾಣಿಸಿತು. ಆ ದಿನ ಅವಳು ಕೆಳಗೆ ಜೆಲ್ ಮಾಯಿಶ್ಚರೈಸರ್ ಧಾರಾಳವಾಗಿ ಹಚ್ಚಿ, ಅದು ಆರುವ ಮೊದಲೇ ಫೌಂಡೇಶನ್ ಉಜ್ಜಿದ್ದಳು. ನೀರಿನ ಪ್ರೈಮರ್ ಮೇಲೆ ಸಿಲಿಕೋನ್ ಫೌಂಡೇಶನ್ ಹಚ್ಚಲೇಬಾರದು ಎಂಬ ಮಾತು ಚಾಲ್ತಿಯಲ್ಲಿದೆ, ಅಷ್ಟು ಕಟ್ಟುನಿಟ್ಟಿನ ನಿಯಮವೇನೂ ಇಲ್ಲ. ಕೆಳಗಿನದು ತೆಳುವಾಗಿರಲಿ, ಆರಿರಲಿ, ಮೇಲಿನದನ್ನು ಉಜ್ಜದೆ ಸ್ಪಂಜಿನಿಂದ ಒತ್ತಿರಿ. ಆಯಿತು. ಸಿಲಿಕೋನ್ ಚರ್ಮದ ಉಸಿರು ಕಟ್ಟಿಸುತ್ತದೆ ಎನ್ನುವುದಂತೂ ಸುಳ್ಳು. ಅದರ ಪೊರೆಯ ಮೂಲಕ ನೀರಾವಿ ಹೋಗುತ್ತದೆ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಡೈಮೆಥಿಕೋನ್ ಅನ್ನು 1ರಿಂದ 30 ಶೇಕಡಾ ಪ್ರಮಾಣದಲ್ಲಿ ಚರ್ಮ ಕಾಯುವ ಪದಾರ್ಥ ಎಂದು ಒಪ್ಪಿದೆ.

ಎರಡು ವಿಷಯದಲ್ಲಿ ಮಾತ್ರ ಅವಳನ್ನು ತಡೆದೆ. ಟೈಟಾನಿಯಂ ಡೈಆಕ್ಸೈಡ್ ಇದೆ ಎಂದು ಇದನ್ನು ಸನ್‌ಸ್ಕ್ರೀನ್ ಎಂದುಕೊಳ್ಳಬಾರದು. ಬಣ್ಣಕ್ಕೆ ಬಳಸುವ ಪುಡಿಯ ಕಣ ಬೇರೆ, ಎಸ್‌ಪಿಎಫ್ ಅಳೆಯದೇ ಹೇಳುವಂಥದ್ದಲ್ಲ. ಇನ್ನೊಂದು, ಗೆಳತಿಯರು ದುಡ್ಡು ಕೊಟ್ಟು ತೆಗೆದುಕೊಳ್ಳುತ್ತೇವೆ ಎಂದಾಗ. ನಮ್ಮಲ್ಲಿ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಮಾರಲು ತಯಾರಿಸಬೇಕಾದರೆ ಲೈಸೆನ್ಸ್ ಬೇಕು. ಅಡುಗೆಮನೆಯ ಬ್ಯಾಚ್ ಸ್ವಂತಕ್ಕೆ ಮಾತ್ರ.

ಈಗ ಡಿ5 ಬದಲಿಸುವ ಯೋಚನೆ ಅವಳದ್ದು. ಪರಿಸರದಲ್ಲಿ ಕರಗದೆ ಉಳಿಯುತ್ತದೆ ಎಂಬ ಕಾರಣಕ್ಕೆ ಯುರೋಪ್ ಒಕ್ಕೂಟ ತೊಳೆದುಹೋಗುವ ಉತ್ಪನ್ನಗಳಲ್ಲಿ ಡಿ5 ಅನ್ನು 2020ರಿಂದಲೇ 0.1 ಶೇಕಡಾಕ್ಕೆ ಮಿತಿಗೊಳಿಸಿದೆ. 2027ರ ಜೂನ್‌ನಿಂದ ಹಚ್ಚಿ ಬಿಡುವ ಉತ್ಪನ್ನಗಳಿಗೂ ಅದೇ ಮಿತಿ. ಡೈಮೆಥಿಕೋನ್ 2 ಹಾಕಿದರೆ ಎಮಲ್ಸಿಫೈಯರ್ ಬದಲಿಸಬೇಕಿಲ್ಲ, ಆರುವುದು ಮಾತ್ರ ಸ್ವಲ್ಪ ನಿಧಾನ. ಐಸೊಡೋಡೆಕೇನ್‌ನಂಥ ಹಗುರ ಹೈಡ್ರೋಕಾರ್ಬನ್‌ಗೆ ಹೋದರೆ ಹೊರಗಿನ ಭಾಗವೇ ಅರ್ಧ ಬೇರೆ ಜಾತಿಯದಾಗುತ್ತದೆ. ಆಗ ಎರಡೂ ಕಡೆ ಹಿಡಿಯುವ ಸೆಟೈಲ್ ಪೆಗ್/ಪಿಪಿಜಿ-10/1 ಡೈಮೆಥಿಕೋನ್ ಬೇಕು. ಮೊದಲು ಡೈಮೆಥಿಕೋನ್ 2 ನೋಡು ಎಂದಿದ್ದೇನೆ.

ಬಗೆಹರಿಯದೆ ಉಳಿದದ್ದು ಒಂದೇ. ಕೆಲವು ವಾರ ಬಿಟ್ಟರೆ ಬಣ್ಣದ ಪುಡಿ ತುಸು ತಳ ಹಿಡಿಯುತ್ತದೆ. ಸಿಲಿಕೋನ್ ಭಾಗಕ್ಕೆ ಹೆಕ್ಟೊರೈಟ್ ಜೇಡಿಯ ಜೆಲ್ ಹಾಕಿದರೆ ನಿಲ್ಲುತ್ತದೆ, ಸಣ್ಣ ಪ್ರಮಾಣದಲ್ಲಿ ಅವಳಿಗೆ ಅದು ಸಿಗಲಿಲ್ಲ. ಸದ್ಯಕ್ಕೆ ಬಾಟಲಿಯೊಳಗೆ ಎರಡು ಸ್ಟೇನ್‌ಲೆಸ್ ಸ್ಟೀಲ್ ಗುಂಡು ಹಾಕಿ, ಹಚ್ಚುವ ಮೊದಲು ಕುಲುಕಿಕೊಳ್ಳುತ್ತಿದ್ದಾಳೆ.